ತರಗುಪೇಟೆ ಮತ್ತು ನಮ್ಮಪ್ಪನ ತೊಗರಿ

ನಮ್ಮ ಸ್ಟಡಿ ಗ್ರೂಪಿನಲ್ಲಿ ಯಾರಿಗೂ ಸ್ವಂತ ಹೆಸರು ಇರಲಿಲ್ಲ. ಮೊದಲ ದಿನ ಒಬ್ಬೊಬ್ಬರೇ ಹೆಸರು, ಕಂಪನಿ, ಊರು ಹೇಳಿಕೊಂಡ್ವಿ. ಸಂಜೆ ಚಹಾ ಹೊತ್ತಿಗೆ ನೆನಪಿನಲ್ಲಿ ಉಳಿದಿದ್ದು ಊರು ಮಾತ್ರ. ಹಾಗಾಗಿ ಒಬ್ಬಳು ಮೈಸೂರು, ಒಬ್ಬರು ಕುಂದಾಪುರ, ಒಬ್ಬ ಪಟ್ನಾ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಮಾರ್ವಾಡಿ ಹುಡುಗ "ನಮ್ದು ತರಗುಪೇಟೆ, ತಾತನ ಕಾಲದ ಬೇಳೆ ಅಂಗಡಿ" ಅಂದಿದ್ದಕ್ಕೆ ಅವನು ತರಗುಪೇಟೆ. ನಾನು ಹತ್ತಿಕುಣಿ ಅಂದೆ.

"ಎಲ್ಲಿ ಬರತ್ತೆ ಅದು?"

"ಯಾದಗಿರಿ ಹತ್ರ."

"ಯಾದಗಿರಿ ಎಲ್ಲಿ ಬರತ್ತೆ?"

"ಗುಲ್ಬರ್ಗ ಪಕ್ಕ."

"ಓ, ಬಿಸಿಲು!"

ಹೀಗೆ ನಾನು ಯಾದಗಿರಿ ಆದೆ. ನಮ್ಮೂರು ಜಿಲ್ಲೆ ಆಗಿದ್ದು 2009ರ ಡಿಸೆಂಬರಿನಲ್ಲಿ. ಇಷ್ಟು ವರ್ಷ ಆದರೂ ಬೆಂಗಳೂರಿನವರಿಗೆ ಪಕ್ಕದ ಜಿಲ್ಲೆಯ ಕೈ ಹಿಡಿಸಿಯೇ ನಮ್ಮೂರನ್ನು ತೋರಿಸಬೇಕು. ಇರಲಿ, ಹತ್ತಿಕುಣಿಯವನು ಯಾದಗಿರಿ ಆಗಿದ್ದು ಒಂದು ಲೆಕ್ಕಕ್ಕೆ ಬಡ್ತಿಯೇ.

ಐಐಎಂ ಬೆಂಗಳೂರಿನಲ್ಲಿ ನೌಕರಿ ಮಾಡುತ್ತಲೇ ಓದುವವರಿಗೆ ಎರಡು ವರ್ಷದ ಒಂದು ಕೋರ್ಸ್ ಇದೆ, ಪಿಜಿಪಿಇಎಂ ಅಂತ. ಶುಕ್ರವಾರ, ಶನಿವಾರ ಕ್ಲಾಸು, ಉಳಿದ ದಿನ ಆಫೀಸು. 2023ರಲ್ಲಿ ನಾನು ಸೇರಿದೆ. ಹತ್ತನೇ ತನಕ ಕನ್ನಡ ಮೀಡಿಯಂ, ಪಿಯುಸಿ ಯಾದಗಿರಿಯಲ್ಲಿ, ಇಂಜಿನಿಯರಿಂಗು ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ. 2017ರಿಂದ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಾ ಇದ್ದವನಿಗೆ ಆರು ವರ್ಷಕ್ಕೆ ಒಂದು ಭಯ ಶುರುವಾಗಿತ್ತು. ನನಗಿಂತ ಚಿಕ್ಕವರು ಮೀಟಿಂಗಿನಲ್ಲಿ ಮಾತಾಡ್ತಾರೆ, ನಾನು ಮ್ಯೂಟ್‌ನಲ್ಲಿ ಕೂತಿರ್ತೀನಿ. ನಿಮಗೂ ಇಂಥದ್ದು ಆಗಿರಬಹುದು. ಇದಕ್ಕೆ ಎಂಬಿಎ ಔಷಧಿ ಅಂತ ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡೆ.

ಊರಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಇಂಜಿನಿಯರ್ ಆದಿ, ನೌಕರಿ ಸಿಕ್ತು. ಮತ್ತ್ಯಾಕೋ ತಮ್ಮಾ ಸಾಲಿ?" ಉತ್ತರ ಕೊಟ್ಟೆ, ಅರ್ಧ ಇಂಗ್ಲಿಷ್‌ನಲ್ಲಿ. ಅಪ್ಪ "ಹಂಗಾದ್ರ ಓದು" ಅಂದ. ಅಪ್ಪ ಒಪ್ಪಿದನೋ, ನನ್ನ ಇಂಗ್ಲಿಷ್ ಕೇಳಿ ಸುಮ್ಮನಾದನೋ ಗೊತ್ತಿಲ್ಲ.

ಕ್ಯಾಂಪಸ್ಸಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಬನ್ನೇರುಘಟ್ಟ ರಸ್ತೆಯ ಹಾರ್ನು, ಧೂಳು, ಮೆಟ್ರೋ ಕಂಬಗಳ ನಡುವಿನಿಂದ ಗೇಟು ದಾಟಿದರೆ ಒಮ್ಮೆಲೇ ಸದ್ದು ನಿಂತುಬಿಡುತ್ತೆ. ಬಾಲಕೃಷ್ಣ ದೋಶಿ ವಿನ್ಯಾಸ ಮಾಡಿದ ಬೂದು ಕಲ್ಲಿನ ಕಟ್ಟಡ, ಉದ್ದುದ್ದ ಓಣಿಯಂಥ ಪಡಸಾಲೆಗಳು, ಮೇಲಿಂದ ಸೋರಿ ಬೀಳುವ ಬಿಸಿಲು, ಕಲ್ಲಿಗೆ ಹಬ್ಬಿದ ಬಳ್ಳಿ. 'ತ್ರೀ ಈಡಿಯಟ್ಸ್' ಸಿನಿಮಾದ ಕಾಲೇಜು ಇದೇ. ಪಟ್ನಾ ಮೊದಲ ವಾರ ಪೂರ್ತಿ ಆ ಸಿನಿಮಾದಲ್ಲಿ ಬಂದ ಜಾಗ ಹುಡುಕಿ ಹುಡುಕಿ ಫೋಟೊ ತೆಗೆಸಿಕೊಂಡ. ನಾನು ಮನೆಗೆ ಫೋಟೊ ಕಳಿಸಿದೆ. ಯಾದಗಿರಿ ಕೋಟೆ ನೋಡಿ ಬೆಳೆದ ಅವ್ವನಿಗೆ ಕಲ್ಲು ದೊಡ್ಡ ವಿಷಯವಲ್ಲ. "ಗಾರೆ ಮಾಡ್ಸಿಲ್ಲೇನು ಇನ್ನಾ?" ಅಂತ ಕೇಳಿದಳು.

ಕಷ್ಟ ಇದ್ದದ್ದು ಒಳಗೆ. ಅಲ್ಲಿ ಪಾಠ ಅಂದರೆ ಹೆಚ್ಚಿನಂಶ ಕೇಸು. ಯಾವುದೋ ಕಂಪನಿಯ ಕಥೆಯನ್ನು ಇಪ್ಪತ್ತು ಪುಟ ಓದಿಕೊಂಡು ಬರಬೇಕು, ಕ್ಲಾಸಿನಲ್ಲಿ "ನೀವಾಗಿದ್ರೆ ಏನು ಮಾಡ್ತಿದ್ರಿ?" ಅನ್ನೋ ಪ್ರಶ್ನೆ. ಮಾತಾಡಿದ್ದಕ್ಕೂ ಮಾರ್ಕ್ಸ್. ಮೂರು ವಾರ ನಾನು ಬಾಯಿ ಬಿಡಲಿಲ್ಲ. ತಲೆಯಲ್ಲಿ ವಾಕ್ಯ ಕಟ್ಟಿ, ವ್ಯಾಕರಣ ಸರಿ ಮಾಡಿ, ಕೈ ಎತ್ತುವಷ್ಟರಲ್ಲಿ ಚರ್ಚೆ ಎರಡು ಸ್ಟಾಪ್ ಮುಂದೆ ಹೋಗಿರುತ್ತಿತ್ತು.

ಅದನ್ನ ಗಮನಿಸಿದವಳು ಮೈಸೂರು. ಬ್ಯಾಂಕಿನಲ್ಲಿ ಕೆಲಸ, ನಾಲ್ಕು ವರ್ಷದ ಮಗಳು. ರಾತ್ರಿ ಹನ್ನೊಂದಕ್ಕೆ ನಮ್ಮ ಗ್ರೂಪ್ ಕಾಲ್ ಶುರುವಾದರೆ ಆ ಕೂಸು ಕ್ಯಾಮೆರಾ ಮುಂದೆ ಬಂದು "ಯಾದಗಿರಿ ಮಾಮ, ಗುಡ್ ನೈಟ್" ಅನ್ನದೇ ಮಲಗುತ್ತಿರಲಿಲ್ಲ. ಮೈಸೂರು ನನಗೆ ಹೇಳಿದ್ಲು: "ನೋಡೋ, ನೀನು ಮೊದಲನೇ ವಾಕ್ಯ ಮಾತ್ರ ಪೇಪರ್ ಮೇಲೆ ಬರ್ಕೊಂಡು ಬಾ. ಚರ್ಚೆ ಶುರುವಾದ ತಕ್ಷಣ ಕೈ ಎತ್ತು. ಎರಡನೇ ವಾಕ್ಯ ತಾನಾಗೇ ಬರತ್ತೆ." ನಾಲ್ಕನೇ ವಾರ ಹಾಗೇ ಮಾಡಿದೆ. ಎರಡನೇ ವಾಕ್ಯ ಬರಲಿಲ್ಲ. ಆದರೂ ಮೊದಲನೆಯದು ಚೆನ್ನಾಗಿತ್ತು ಅಂತ ಪ್ರೊಫೆಸರ್ ಬೋರ್ಡಿನ ಮೇಲೆ ಬರೆದರು. ಹಿಂದಿನ ಸಾಲಿನಿಂದ ತರಗುಪೇಟೆ ಮೇಜು ಕುಟ್ಟಿದ.

ಕುಂದಾಪುರ ನಮ್ಮಲ್ಲಿ ಹಿರಿಯರು, ನಲವತ್ತು ದಾಟಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದರು. ಅವರ ತಂದೆ ಸಣ್ಣ ಹೋಟೆಲು ನಡೆಸಿದವರು. ವರ್ಕಿಂಗ್ ಕ್ಯಾಪಿಟಲ್ ಅಂದರೇನು ಅಂತ ಪುಸ್ತಕದಿಂದ ನನ್ನ ತಲೆಗೆ ಹತ್ತದೇ ಇದ್ದಾಗ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಹೇಳಿದರು: "ರಾತ್ರಿ ಹಿಟ್ಟು ರುಬ್ಬಿ ಇಡ್ತಿಯಲ್ಲ ಮಾರಾಯ, ಅಕ್ಕಿ ಉದ್ದಿಗೆ ದುಡ್ಡು ಇವತ್ತೇ ಹೋಯ್ತು. ಇಡ್ಲಿ ನಾಳೆ ಬೆಳಿಗ್ಗೆ. ಗಿರಾಕಿ ಲೆಕ್ಕ ಬರೆಸಿ ತಿಂದ್ರೆ ದುಡ್ಡು ತಿಂಗಳ ಕೊನೆಗೆ. ನಡುವೆ ನೀನು ಎಂತ ಮಾಡ್ತೆ? ಆ ನಡುವಿಂದೇ ವರ್ಕಿಂಗ್ ಕ್ಯಾಪಿಟಲ್." ಪರೀಕ್ಷೆಯಲ್ಲಿ ಇದನ್ನೇ ಇಂಗ್ಲಿಷಿಗೆ ತಿರುಗಿಸಿ ಬರೆದೆ.

ಫೀಸಿನ ವಿಷಯ. ಅರ್ಧಕ್ಕಿಂತ ಹೆಚ್ಚು ಎಜುಕೇಶನ್ ಲೋನು, ಉಳಿದದ್ದು ನನ್ನ ಸಂಬಳದ ಉಳಿತಾಯ ಮತ್ತು ಬೋನಸ್ಸಿನ ಲೆಕ್ಕಾಚಾರ. ಆ ವರ್ಷ ಬೋನಸ್ಸೇ ಬರಲಿಲ್ಲ. ಡಿಸೆಂಬರ್ ಕೊನೆಯ ಕಂತಿಗೆ ಒಂದು ಲಕ್ಷದ ಹತ್ತಿರ ಕಡಿಮೆ ಬಿತ್ತು. ಅವ್ವನ ಜೊತೆ ಫೋನಿನಲ್ಲಿ ಮಾತಾಡ್ತಾ "ಸ್ವಲ್ಪ ತ್ರಾಸ ಆಗ್ಯಾದ, ಗೆಳೆಯರ ಹತ್ರ ಕೇಳ್ತೀನಿ" ಅಂದೆ ಅಷ್ಟೆ. ನಾಲ್ಕು ದಿನಕ್ಕೆ ಅಪ್ಪ ಒಂದು ಲಕ್ಷ ಹಾಕಿಸಿದ. ಎಲ್ಲಿಂದ ಅಂತ ಕೇಳಿದ್ದಕ್ಕೆ "ಬ್ಯಾಂಕಿನ್ಯಾಗ ಇದ್ವು" ಅಂದ. ನಾನು ಮತ್ತೆ ಕೇಳಲಿಲ್ಲ. ಕೇಳದೇ ಇರುವುದು ಆಗ ಅನುಕೂಲವಾಗಿತ್ತು ಅಂತ ಈಗ ಅನಿಸುತ್ತೆ.

ಮುಂದಿನ ಟರ್ಮಿನಲ್ಲಿ ಸಪ್ಲೈ ಚೈನ್ ವಿಷಯದ ಮೇಲೆ ಒಂದು ಪ್ರಾಜೆಕ್ಟ್ ಬಂತು. ನಿಮಗೆ ಗೊತ್ತಿರುವ ಯಾವುದಾದರೂ ಒಂದು ಸರಕು ಹಿಡಿದು, ಅದು ಹುಟ್ಟುವ ಜಾಗದಿಂದ ಗಿರಾಕಿಯ ಕೈ ಸೇರುವ ತನಕ ಬೆಲೆ ಎಲ್ಲೆಲ್ಲಿ ಹೇಗೆ ಏರುತ್ತೆ ನೋಡಿ ಅಂತ. ಪಟ್ನಾ ಮಖಾನಾ ಅಂದ. ಮೈಸೂರು ರೇಷ್ಮೆ ಅಂದಳು. ತರಗುಪೇಟೆ ನನ್ನ ಮುಖ ನೋಡಿ "ತೊಗರಿ ಬೇಳೆ ಮಾಡೋಣ ಮಗಾ. ಆ ತುದಿ ನಿಂದು, ಈ ತುದಿ ನಂದು" ಅಂದ. ಎಲ್ಲರೂ ಒಪ್ಪಿದರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಹೇಳಿಕೊಳ್ಳಲಿಕ್ಕೂ ಚೆನ್ನಾಗಿತ್ತು.

ಅವನ ತುದಿಯ ವಿಷಯ ಕೇಳಲಿಕ್ಕೆ ನಿಜಕ್ಕೂ ಮಜಾ ಇತ್ತು. ಅವರ ಅಂಗಡಿ ಈಗ ಯಶವಂತಪುರ ಎಪಿಎಂಸಿ ಯಾರ್ಡಿನಲ್ಲಿದೆ. ನಾವು ಐದೂ ಜನ ಒಂದು ಭಾನುವಾರ ಹೋಗಿ ನೋಡಿ ಬಂದ್ವಿ. ನೂರು ಕೆಜಿ ತೊಗರಿ ಮಿಲ್ಲಿಗೆ ಹೋದರೆ ಸುಮಾರು ಎಪ್ಪತ್ತರಿಂದ ಎಪ್ಪತ್ತೈದು ಕೆಜಿ ಬೇಳೆ, ಉಳಿದದ್ದು ನುಚ್ಚು, ಹೊಟ್ಟು. ಬೇಳೆಯನ್ನು ಅಂಗೈಯಲ್ಲಿ ಹರಡಿ ಕಣ್ಣಲ್ಲೇ ಯಾವ ಕಡೆಯದು ಅಂತ ಹೇಳುತ್ತಿದ್ದರು ಅವನ ತಂದೆ. 2023ರ ಜೂನಿನಲ್ಲಿ ಕೇಂದ್ರ ಸರ್ಕಾರ ತೊಗರಿ, ಉದ್ದಿಗೆ ದಾಸ್ತಾನು ಮಿತಿ ಹಾಕಿದ್ದು, ಸೆಪ್ಟೆಂಬರಿನಲ್ಲಿ ಸಗಟು ವ್ಯಾಪಾರಿಗೆ 200 ಟನ್ ಇದ್ದದ್ದನ್ನು 50ಕ್ಕೆ ಇಳಿಸಿದ್ದು, ಡಿಸೆಂಬರ್ ಕೊನೆಗೆ ಆ ಮಿತಿ ಮುಗಿದದ್ದು, ಇವೆಲ್ಲ ನಮಗೆ ಪೇಪರ್ ಸುದ್ದಿ, ಅವರಿಗೆ ಮನೆ ಮಾತು.

ನನ್ನ ತುದಿಗೆ ನಾನು ಅಪ್ಪನಿಗೆ ಫೋನ್ ಮಾಡಿದೆ. "ಆಫೀಸಿನ ಒಂದು ಕೆಲಸಕ್ಕ ಬೇಕಾಗ್ಯಾದ" ಅಂತ ಸುಳ್ಳು ಹೇಳಿದೆ. ಅಪ್ಪ ಉದ್ದ ನೋಟ್‌ಬುಕ್ ತೆಗೆದು ಒಂದೊಂದೇ ಓದಿದ. ಐದು ಎಕರೆ ತೊಗರಿ. ಅದರ ಹಿಂದಿನ ವರ್ಷ ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದ್ದಕ್ಕೆ ಈ ಸಲ ನೆಟೆ ತಡೆಯುವ ಟಿಎಸ್-3ಆರ್ ಬೀಜ. ಕೀಡಿಗೆ ಎಣ್ಣೆ ಹೊಡೆದದ್ದು ಮೂರು ಸಲ. ಕಳೆ ತೆಗೆದ ಹೆಣ್ಣಾಳು, ರಾಶಿ ಮಷೀನು, ಟ್ರ್ಯಾಕ್ಟರ್ ಬಾಡಿಗಿ, ಚೀಲ, ಹಮಾಲಿ. 2023 ಬರಗಾಲದ ವರ್ಷ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ನಮ್ಮೂರಲ್ಲಿ ಜಲಾಶಯ ಇದೆ ನಿಜ, ನಮ್ಮ ಹೊಲಕ್ಕೆ ಅದರ ನೀರು ಹತ್ತುವುದಿಲ್ಲ. ಐದು ಎಕರೆಗೆ ಬಂದದ್ದು ಹದಿನಾಲ್ಕು ಕ್ವಿಂಟಲ್. ಮಾರಿದ್ದು ಡಿಸೆಂಬರ್ ಕೊನೆಗೆ, ಕ್ವಿಂಟಲಿಗೆ 9,000.

"ಎಲ್ಲಾ ಒಮ್ಮಿಗೇ ಮಾರಿದ್ಯಾ?"

"ಹ್ಞೂಂ. ಎಲ್ಲಾ ಒಮ್ಮಿಗೇ."

ಇಷ್ಟನ್ನೂ ಎಕ್ಸೆಲ್ ಶೀಟಿಗೆ ಹಾಕಿದೆ. ಹೆಸರು ಹಾಕಲಿಲ್ಲ. 'ರೈತ ಎ, ಯಾದಗಿರಿ ತಾಲ್ಲೂಕು' ಅಂತ ಬರೆದೆ. ಗ್ರೂಪಿನವರಿಗೂ ಹೇಳಲಿಲ್ಲ, ನಮ್ಮೂರಿನ ಒಬ್ಬ ರೈತ ಅಂದೆ. ನಮ್ಮಪ್ಪ ರೈತ ಅನ್ನುವುದು ಅವರಿಗೆ ಗೊತ್ತಿತ್ತು, ಅದರಲ್ಲಿ ನಾಚಿಕೆ ಏನೂ ಇರಲಿಲ್ಲ. ನಾಚಿಕೆ ಆಗಿದ್ದು ಶೀಟಿನ ಕೊನೆಯ ಸಾಲಿಗೆ. ತನ್ನ ಮತ್ತು ಅವ್ವನ ಕೂಲಿಯನ್ನು ಅಪ್ಪ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಹಿಡಿದೆ. ಹಿಡಿದ ಮೇಲೆ ಉಳಿದದ್ದನ್ನು ತಿಂಗಳಿಗೆ ಭಾಗ ಮಾಡಿದರೆ ನಾನು ಆಫೀಸಿನ ಸುತ್ತಮುತ್ತ ಕಾಫಿಗೆ, ಸ್ವಿಗ್ಗಿಗೆ ಹಾಕುವಷ್ಟು.

ಪ್ರೆಸೆಂಟೇಶನ್ ಏಪ್ರಿಲ್ ಕೊನೆಗೆ. ಅಷ್ಟೊತ್ತಿಗೆ ನಮ್ಮ ಕಡೆ ತೊಗರಿ 11,000 ದಾಟಿತ್ತು. ಹೀಗಾಗಿ ಒಂದು ಸ್ಲೈಡು ತಾನಾಗೇ ಹುಟ್ಟಿಕೊಂಡಿತು: ಕ್ವಿಂಟಲಿಗೆ 2,000ದಂತೆ ಹದಿನಾಲ್ಕು ಕ್ವಿಂಟಲ್, ಕಾಯದೇ ಇದ್ದದ್ದಕ್ಕೆ ನಷ್ಟ 28,000. ಕೆಂಪು ಬಣ್ಣದಲ್ಲಿ, ದೊಡ್ಡ ಅಕ್ಷರದಲ್ಲಿ. ಆ ಸ್ಲೈಡು ನನ್ನದು. ಪೇಪರ್ ನೋಡದೇ, ನಿಲ್ಲದೇ ಇಂಗ್ಲಿಷಿನಲ್ಲಿ ಮಾತಾಡಿದೆ. ಒಂದು ವರ್ಷದ ಹಿಂದೆ ಬಾಯಿ ಬಿಡದಿದ್ದವನು ನಾನೇನಾ ಅಂತ ನನಗೇ ಖುಷಿ. ಒಬ್ಬರು ಕೇಳಿದರು, ರೈತ ಯಾಕೆ ಕಾಯಲಿಲ್ಲ?

"ಲ್ಯಾಕ್ ಆಫ್ ಮಾರ್ಕೆಟ್ ಅವೇರ್‌ನೆಸ್" ಅಂದೆ.

ಈ ನಾಲ್ಕು ಪದಗಳನ್ನು ಬರೆಯುವಾಗ ಈಗಲೂ ಬೆರಳು ತಡೆಯುತ್ತೆ. ನಮ್ಮಪ್ಪ ಬೆಳಿಗ್ಗೆ ಎದ್ದ ಕೂಡಲೇ ಮೊದಲು ನೋಡುವುದು ಮೊಬೈಲಿನಲ್ಲಿ ಬರುವ ಕಲಬುರಗಿ, ಯಾದಗಿರಿ ಬಜಾರಿನ ರೇಟು. ಅದಕ್ಕೂ ಮೊದಲು, ನಾನು ಸಣ್ಣವನಿದ್ದಾಗ, ರೇಡಿಯೋದಲ್ಲಿ ಪೇಟೆ ಧಾರಣೆ ಬರುವಾಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. 2015ರಲ್ಲಿ ಬೇಳೆ ಕೆಜಿಗೆ ಇನ್ನೂರು ಆದದ್ದು, ಅದನ್ನು ನೋಡಿ ಎಲ್ಲರೂ ತೊಗರಿ ಬಿತ್ತಿ 2017ರ ಹೊತ್ತಿಗೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದದ್ದು, ಎಲ್ಲಾ ಅವನ ಬಾಯಲ್ಲಿದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಯಾಕೆಂದರೆ ಆ ಉತ್ತರ ಆ ಕೋಣೆಗೆ ಸರಿ ಹೊಂದುತ್ತಿತ್ತು.

ಒಳ್ಳೆಯ ಮಾರ್ಕ್ಸ್ ಬಂತು. ಎಲ್ಲರೂ ಜಯನಗರಕ್ಕೆ ಊಟಕ್ಕೆ ಹೋದ್ವಿ. ತರಗುಪೇಟೆ ಆವತ್ತು ಕಡಿಮೆ ಮಾತಾಡಿದ. ವಾಪಸ್ ಬರುವಾಗ ಅವನ ಬೈಕಿನ ಹಿಂದೆ ನಾನು. ಸಿಗ್ನಲ್ಲಿನಲ್ಲಿ ಹೆಲ್ಮೆಟ್ ಗಾಜು ಎತ್ತಿ, ತಿರುಗದೇ ಕೇಳಿದ: "ಅದು ನಿಮ್ಮಪ್ಪನ ಹೊಲ ಅಲ್ವಾ?"

"ಹೆಂಗ್ ಗೊತ್ತಾಯ್ತು?"

"ಚೀಲದ ಲೆಕ್ಕ ಇತ್ತಲ್ಲ ಶೀಟಲ್ಲಿ. ಹಳೇ ಚೀಲ ಇಪ್ಪತ್ತು, ಹೊಸದು ಎಂಟು ಅಂತ. ಹೊರಗಿನವರಿಗೆ ಯಾರೂ ಅಷ್ಟು ಹೇಳಲ್ಲ."

ಸಿಗ್ನಲ್ ಬಿಟ್ಟಿತು. ಮುಂದೆ ಅವನೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ನನ್ನ ಪಿಜಿ ಮುಂದೆ ಇಳಿಸಿ, "ಒಂದ್ಸಲ ಊರಿಗೆ ಕರ್ಕೊಂಡು ಹೋಗು ಮಗಾ. ಐವತ್ತು ವರ್ಷದಿಂದ ಆ ಕಡೆ ಬೇಳೆ ಮಾರ್ತಾ ಇದೀವಿ, ನಾನು ಗಿಡಾನೇ ನೋಡಿಲ್ಲ" ಅಂದ.

ಮೇ ತಿಂಗಳಲ್ಲಿ ಹೋದರೆ ಗಿಡ ಇರುವುದಿಲ್ಲ ಅಂತ ಹೇಳಿದೆ. ಪರವಾಗಿಲ್ಲ ಅಂದ. ಐದೂ ಜನ ಹೋಗೋದು ಅಂತ ವಾಟ್ಸಾಪಿನಲ್ಲಿ ಭಾರೀ ಪ್ಲಾನ್ ಆಯಿತು, ಇಂಥ ಪ್ಲಾನುಗಳ ಹಣೆಬರಹ ನಿಮಗೂ ಗೊತ್ತು. ಕೊನೆಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದು ನಾವಿಬ್ಬರೇ. ಬೆಳಕು ಹರಿಯುವ ಹೊತ್ತಿಗೆ ಯಾದಗಿರಿ. ಅಲ್ಲಿಂದ ಬಸ್ಸು. ಎಂಟು ಗಂಟೆಗೇ ಬಿಸಿಲು ಬೆನ್ನಿಗೆ ಬಡಿಯುತ್ತಿತ್ತು. ಅವನು ಮೂರು ಬಾಟಲಿ ನೀರು ಖಾಲಿ ಮಾಡಿ, "ನಿಮ್ಮೂರ ಬಗ್ಗೆ ಜನ ಹೇಳೋದು ಕಮ್ಮಿನೇ" ಅಂದ.

ಅಪ್ಪ ಅವನನ್ನು "ಬರ್ರಿ ಸೇಠಜೀ" ಅಂತಲೇ ಕರೆದ. ಅವನು "ಅಂಕಲ್, ಪ್ಲೀಸ್, ಹಂಗನ್ಬೇಡಿ" ಅಂತ ಕೆಂಪಾದ. ಹತ್ತು ನಿಮಿಷದಲ್ಲಿ ಇಬ್ಬರೂ ನನ್ನನ್ನು ಮರೆತರು. ಅಪ್ಪ ಒಂದು ಮುಷ್ಟಿ ತೊಗರಿ ತಂದು ಕೊಟ್ಟ, ಬಿತ್ತಲಿಕ್ಕೆ ಇಟ್ಟದ್ದು. ಅವನು ಹಲ್ಲಲ್ಲಿ ಕಡಿದು ನೋಡಿದ. ನಮ್ಮ ಕಡೆ ಹಿಂದಿ, ಅವನ ಬೆಂಗಳೂರು ಕನ್ನಡ, ಅಪ್ಪನ ಯಾದಗಿರಿ ಕನ್ನಡ, ಮೂರೂ ಕಲಸಿ ವ್ಯಾಪಾರದ ಮಾತು ನಡೆಯಿತು. ಮಿಲ್ಲಿನವರು ಯಾವ ಕಾಳಿಗೆ ಎಷ್ಟು ಹೆಚ್ಚು ಕೊಡ್ತಾರೆ, ಹಸಿ ಇದ್ದರೆ ಎಷ್ಟು ಕಡಿತಾರೆ. ನನ್ನ ಜೊತೆ ಅಪ್ಪ ಇಷ್ಟು ಮಾತಾಡಿದ್ದನ್ನು ನಾನು ನೋಡಿಲ್ಲ. ನಾನು ಕೇಳಿದ್ದೂ ಇಲ್ಲ ಅನ್ನಿ.

ಅವ್ವನ ಚಿಂತೆ ಬೇರೆ ಇತ್ತು. ತರಗುಪೇಟೆ ಜೈನರ ಹುಡುಗ, ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನುವುದಿಲ್ಲ, ಊಟ ಹೊತ್ತು ಮುಳುಗುವ ಮೊದಲೇ ಆಗಬೇಕು. "ಉಳ್ಳಾಗಡ್ಡಿ ಇಲ್ದ ಏನ್ ಉಣ್ತದ ಕೂಸು?" ಅಂತ ಮಧ್ಯಾಹ್ನದಿಂದ ಅಡ್ಡಾಡಿ, ಸಂಜೆ ಐದೂವರೆಗೆ ಎಲ್ಲರನ್ನೂ ಕೂರಿಸಿದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ತುಪ್ಪ ಹಾಕಿದ ತೊಗರಿ ಬ್ಯಾಳಿ. ಅವನು ನಾಲ್ಕನೇ ರೊಟ್ಟಿಗೆ ಬಂದಿದ್ದ. ಬೇಳೆಯ ಮಾತಿನಲ್ಲೇ, ಯಾವ ಉದ್ದೇಶವೂ ಇಲ್ಲದೇ ಕೇಳಿದ:

"ಅಂಕಲ್, ನಿಮಗೆ ರೇಟ್ ಎಲ್ಲಾ ಇಷ್ಟು ಗೊತ್ತು. ಹೋದ ವರ್ಷ ಡಿಸೆಂಬರಲ್ಲೇ ಯಾಕೆ ಮಾರಿದ್ರಿ? ಮಿತಿ ತೆಗೀತಾರೆ, ಮೇಲೆ ಹೋಗತ್ತೆ ಅಂತ ನಮ್ಮಪ್ಪ ಆಗ್ಲೇ ಅಂತಿದ್ರು."

"ಅಂದಾಜ್ ಇತ್ರಿ ನಮಗೂ," ಅಂದ ಅಪ್ಪ. "ರೊಕ್ಕದ ಜರೂರತ್ ಇತ್ತು. ಹಾಕ್ಕೋರಿ, ಇನ್ನೊಂದು ರೊಟ್ಟಿ ಹಾಕ್ಕೋರಿ."

ಅಲ್ಲಿಗೆ ಮುಗಿಯುತ್ತಿತ್ತು. ಅವ್ವ ಒಲೆ ಮುಂದಿಂದಲೇ ಅಂದಳು: "ಇವನ ಫೀಜ್ ಕಟ್ಟೂದಿತ್ತಲ್ಲಪ್ಪ. ತಾರೀಕ್ ಸನೇಕ ಬಂದಿತ್ತಂತ. ಮಂದಿ ಬಲ್ಲಿ ಕೇಳ್ತೀನಂದ, ಇವ್ರಿಗಿ ನಿದ್ದಿ ಹತ್ತಲಿಲ್ಲ."

"ಏ, ಸುಮ್ನಿರು ನೀ," ಅಂದ ಅಪ್ಪ.

ನಾನು ದಿನಾ ಮಾಡುವ ಕೆಲಸ ಡೇಟಾಬೇಸಿನದು. ಎರಡು ಟೇಬಲ್ ಕೊಟ್ಟರೆ, ಎರಡರಲ್ಲೂ ಒಂದೇ ತಾರೀಕು ಇದ್ದರೆ, ಕಣ್ಣು ಮುಚ್ಚಿ ಜೋಡಿಸುತ್ತೇನೆ. ಅಪ್ಪ ತೊಗರಿ ಮಾರಿದ ತಾರೀಕು ನನ್ನ ಶೀಟಿನಲ್ಲಿತ್ತು. ನನ್ನ ಖಾತೆಗೆ ಒಂದು ಲಕ್ಷ ಬಂದ ತಾರೀಕು ನನ್ನ ಫೋನಿನಲ್ಲೇ ಇತ್ತು. ನಡುವೆ ಎರಡು ದಿನ. ನಾಲ್ಕು ತಿಂಗಳು ಆ ಶೀಟನ್ನು ತಿದ್ದಿದ್ದೇನೆ, ಬಣ್ಣ ಹಚ್ಚಿದ್ದೇನೆ, ಅದರ ಮೇಲೆ ಭಾಷಣ ಮಾಡಿದ್ದೇನೆ. ಹದಿನಾಲ್ಕು ಕ್ವಿಂಟಲಿಗೆ ಒಂದು ಲಕ್ಷದ ಇಪ್ಪತ್ತಾರು ಸಾವಿರ ಬಂತು ಅಂತ ಬರೆದವನು, ಅದು ಎಲ್ಲಿಗೆ ಹೋಯಿತು ಅನ್ನೋ ಕಾಲಮ್ಮನ್ನೇ ಹಾಕಿರಲಿಲ್ಲ. ಅಪ್ಪ ನೋಟ್‌ಬುಕ್ಕಿನಿಂದ ಎಲ್ಲ ಸಾಲನ್ನೂ ಓದಿ, ಆ ಒಂದು ಸಾಲನ್ನು ಮಾತ್ರ ಬಿಟ್ಟಿದ್ದ.

ರೊಟ್ಟಿ ಕೈಯಲ್ಲೇ ಉಳಿಯಿತು. ತರಗುಪೇಟೆ ನನ್ನ ಕಡೆ ನೋಡಲಿಲ್ಲ. "ಆಂಟಿ, ಈ ಚಟ್ನಿಗೆ ಏನು ಹಾಕ್ತೀರಾ?" ಅಂತ ಕೇಳಿದ. ಅವ್ವ ಹಿಂಡಿ ಮಾಡುವ ಬಗೆ ಶುರು ಹಚ್ಚಿದಳು. ಆ ಹೊತ್ತಿನಲ್ಲಿ ಅವನು ನನಗೆ ಮಾಡಿದ ಉಪಕಾರ ಅದು.

ರಾತ್ರಿ ಮಾಳಿಗಿ ಮೇಲೆ ಹಾಸಿಗೆ ಹಾಸಿಕೊಂಡ್ವಿ. ಕೆಳಗೆ ಅಪ್ಪನ ಕೆಮ್ಮು ಕೇಳುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಅವನು ಮಾತಾಡಿದ.

"ಒಂದು ವಿಷ್ಯ ಹೇಳ್ಲಾ? ಆವತ್ತು ಪ್ರೆಸೆಂಟೇಶನ್ ಆದ್ಮೇಲೆ ನಂಗೆ ಅದೇ ಕೊರೀತಾ ಇತ್ತು. ಜನವರೀಲಿ ನಮ್ಮಪ್ಪ ಸ್ಟಾಕ್ ತಗೊಂಡ್ರು. ಏಪ್ರಿಲಲ್ಲಿ ಬಿಟ್ರು. ನೀನು ಹೇಳಿದ್ಯಲ್ಲ ಇಪ್ಪತ್ತೆಂಟು ಸಾವಿರ. ಅದರಲ್ಲಿ ಸ್ವಲ್ಪ ನಮ್ಮನೆಗೂ ಬಂದಿರತ್ತೆ ಮಗಾ."

ನಾನು ಏನು ಅನ್ನಲಿ? ಅವನ ತಂದೆ ಮಾಡಿದ್ದು ತಪ್ಪಲ್ಲ, ವ್ಯಾಪಾರ. ನಮ್ಮ ಪುಸ್ತಕದ ಪ್ರಕಾರ ಜಾಣತನ. "ನಿಮ್ಮಪ್ಪನಿಗೆ ಮಾರ್ಕೆಟ್ ಅವೇರ್‌ನೆಸ್ ಅದ" ಅಂದೆ. ಅವನಿಗೆ ನಗು ಬಂತು. ನನಗೆ ಬರಲಿಲ್ಲ, ಆಮೇಲೆ ಬಂತು. ಕೆಳಗಿನಿಂದ ಅಪ್ಪ "ಮಕ್ಕೋರಿ ಇನ್ನ, ನಸುಕಿನ್ಯಾಗ ಹೊಲಕ್ಕ ಹೋಗೂದದ" ಅಂತ ಕೂಗಿದ.

ಬೆಂಗಳೂರಿಗೆ ಬಂದು ಉಳಿದವರಿಗೂ ಹೇಳಿದೆ. ಮೈಸೂರು ಬೈದಳು, ಅದೂ ಮಗಳ ಮುಂದೆಯೇ. "ನಮಗೆ ಹೇಳಕ್ಕೆ ಏನಾಗಿತ್ತು ನಿಂಗೆ? ನಾಲ್ಕು ಜನ ಇಪ್ಪತ್ತೈದು ಸಾವಿರ ಹಾಕಿದ್ರೆ ಮುಗೀತಿತ್ತು." ಪಟ್ನಾ ಹಿಂದಿಯಲ್ಲಿ, ನಮ್ಮ ಕಡೆ ಕೋಚಿಂಗ್ ಫೀಸಿಗೆ ಹೊಲವನ್ನೇ ಮಾರುತ್ತಾರೆ, ನಿಮ್ಮಪ್ಪ ಬೆಳೆ ಮಾತ್ರ ಮಾರಿದ್ದಾರೆ, 28 ಸಾವಿರ ಕೊಟ್ಟು ಮುಗಿಸು ಅಂದ. ಆ ದುಡ್ಡನ್ನು ಕಳಿಸಿದೆ. ಅಪ್ಪ ವಾಪಸ್ ಹಾಕಿದ. ಮತ್ತೆ ಕಳಿಸಿದೆ, ಮತ್ತೆ ವಾಪಸ್. ಮೂರನೇ ಸಲ ಅವ್ವನ ಖಾತೆಗೆ ಹಾಕಿದೆ. ಅದು ವಾಪಸ್ ಬರಲಿಲ್ಲ, ಅವ್ವನಿಗೆ ವಾಪಸ್ ಹಾಕಲಿಕ್ಕೆ ಬರುವುದಿಲ್ಲ.

ಇದರ ಮುಂದಿನ ಕಥೆ ಹೇಳದಿದ್ದರೆ ನಮ್ಮ ಗ್ರೂಪಿಗೆ ಅನ್ಯಾಯವಾದೀತು, ಯಾಕೆಂದರೆ ನಾವು ಅಲ್ಲಿಗೇ ಬಿಡಲಿಲ್ಲ. ಮರುವರ್ಷ ಮಳೆ ಚೆನ್ನಾಗಿತ್ತು. ಇಪ್ಪತ್ತು ಕ್ವಿಂಟಲ್ ಬಂತು. 2025ರ ಜನವರಿಯಲ್ಲಿ ಐದೂ ಜನ ರಾತ್ರಿ ಹನ್ನೊಂದಕ್ಕೆ ಕಾಲ್‌ನಲ್ಲಿ ಕೂತು, ಹಳೇ ಶೀಟು ತೆಗೆದು, ಹತ್ತು ವರ್ಷದ ಬೆಲೆ ಹಾಕಿ, ಗೆರೆ ಎಳೆದು ತೀರ್ಮಾನ ಮಾಡಿದ್ವಿ: ಕಾಯಬೇಕು. ಈ ಸಲ ಫೀಸಿನ ಚಿಂತೆ ಇಲ್ಲ. ತರಗುಪೇಟೆ ಮಾತ್ರ "ಆಫ್ರಿಕಾ, ಬರ್ಮಾ ಮಾಲು ಸುಂಕ ಇಲ್ದೆ ಬರ್ತಾ ಇದೆ, ನೋಡ್ಕೊಂಡು" ಅಂದ. ನಾವು ಮೂರಕ್ಕೆ ಒಂದು ಅಂತ ಅವನನ್ನು ಸೋಲಿಸಿದ್ವಿ, ಕುಂದಾಪುರ ಆಗಲೇ ನಿದ್ದೆ ಹೋಗಿದ್ದರು.

ಅಪ್ಪ ಎಲ್ಲ ಕೇಳಿಸಿಕೊಂಡು ಅರ್ಧ ಕಾಯುತ್ತೇನೆ ಅಂದ. ಇನ್ನರ್ಧವನ್ನು ಸರ್ಕಾರದ ಖರೀದಿ ಕೇಂದ್ರಕ್ಕೆ ಹಾಕಿದ. ಬೆಂಬಲ ಬೆಲೆ 7,550, ಅದರ ಮೇಲೆ ರಾಜ್ಯ ಸರ್ಕಾರದ 450, ಒಟ್ಟು 8,000. ಕಾದ ಅರ್ಧ ಜೂನ್ ತನಕ ಕಾದು 6,500ಕ್ಕೆ ಹೋಯಿತು. ಇಪ್ಪತ್ತರಲ್ಲಿ ಹತ್ತು ಕ್ವಿಂಟಲ್, ಕ್ವಿಂಟಲಿಗೆ 1,500. ಈ ಸಲ ಕಾದದ್ದಕ್ಕೆ ನಷ್ಟ 15,000. ಎಂಬಿಎ ಆದವರು ಹೇಳಿದ್ದಕ್ಕೆ.

ಇದನ್ನೂ ಅಪ್ಪ ನನಗೆ ಹೇಳಲಿಲ್ಲ. ಹೇಳಿದ್ದು ತರಗುಪೇಟೆಗೆ. ಅವನು ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡುತ್ತಾನೆ. ಕೋರ್ಸ್ ಮುಗಿದ ಮೇಲೆ ನಾವು ನಾಲ್ವರು ಸಿಗುವುದು ಕಡಿಮೆಯಾಗಿದೆ, ವಾಟ್ಸಾಪ್ ಗ್ರೂಪಿನಲ್ಲಿ ಹುಟ್ಟುಹಬ್ಬ ಬಂದಾಗ ಮಾತ್ರ ಸದ್ದು. ಮೈಸೂರು ಸಿಂಗಪುರಕ್ಕೆ ಹೋಗುವ ಮಾತಾಡುತ್ತಿದ್ದಾಳೆ. ಈ ಒಂದು ಫೋನ್ ಮಾತ್ರ ತಪ್ಪಿಲ್ಲ. ಬಿತ್ತನೆ, ಮಳೆ, ಯಶವಂತಪುರದ ರೇಟು, ಅವನ ಅಜ್ಜಿಯ ಮೊಣಕಾಲು ನೋವು, ಎಲ್ಲಾ ಅದರಲ್ಲಿ ಬರುತ್ತೆ ಅಂತ ಅವ್ವ ಹೇಳುತ್ತಾಳೆ.

ಕಳೆದ ಭಾನುವಾರ ನಾನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಬ್ಯುಸಿ. ನಾಲ್ಕನೇ ಸಲಕ್ಕೆ ಅಪ್ಪ ಎತ್ತಿದ.

"ತರಗುಪೇಟಿ ಜೋಡಿ ಮಾತಾಡ್ಲಾಕತ್ತಿದ್ದೆ. ಏನ್ ಕೆಲಸ ಇತ್ತು?"

"ಏನಿಲ್ಲ, ಸುಮ್ನ ಮಾಡ್ದೆ. ತೊಗರಿ ಹೆಂಗದ?"

"ಅದಾ?" ಅಂದ ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎಲ್ಲಿಂದ ಶುರು ಮಾಡಬೇಕು ಅನ್ನುವವನ ಹಾಗೆ, "ಮಳಿ ಜರಾ ಜಾಸ್ತಿ ಆಗ್ಯಾದ. ಮ್ಯಾಗಿನ ಹೊಲದಾಗ ನೀರ್ ನಿಂತದ…" ಅಂತ ಹೇಳತೊಡಗಿದ. ನಾನು ಪೆನ್ನು ಹುಡುಕಿದೆ, ಆಮೇಲೆ ಬೇಡ ಅನಿಸಿ ಇಟ್ಟೆ.